ಭಾವನ ಜೊತೆ ಕಬ್ಬಿಣ ಹುಡುಕಲು ಹೋದದ್ದು

ನಾಗಪುರ ಸ್ಟೇಷನ್

ನಮ್ಮ ಓಣಿಯಲ್ಲಿ ದುಬೈ ನೋಡಿ ಬಂದವರಿದ್ದಾರೆ, ಸಿಂಗಾಪುರ ಕಂಡು ಬಂದವರಿದ್ದಾರೆ. ಅವರ ಎದುರು ನಿಂತು ನಾನು ನಾಗಪುರಕ್ಕೆ ಹೋಗಿ ಬಂದೆ ಎಂದರೆ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ನಗಲಿ. ಭಾಷೆ ತಿಳಿಯದ, ದಿಕ್ಕು ತಿಳಿಯದ, ಕಟ್ಟಿಕೊಂಡು ಹೋದ ರೊಟ್ಟಿ ಮುಗಿದ ಮೇಲೆ ಏನು ತಿನ್ನಬೇಕೆಂದೇ ಗೊತ್ತಾಗದ ಊರು ನನಗೆ ಪರದೇಶವೇ. ಅಲ್ಲಿ ಪಾಸ್‌ಪೋರ್ಟ್ ಕೇಳುವುದಿಲ್ಲ, ಅಷ್ಟೇ ಫರಕು.

ನಾನು ಧಾರವಾಡದವಳು, ಹೆಸರು ಸುಮಿತ್ರಾ. ಬಸ್ ಡಿಪೋದ ಆಫೀಸಿನಲ್ಲಿ ಕುಳಿತು, ಡ್ರೈವರು ಕಂಡಕ್ಟರುಗಳ ಮೇಲೆ ಕೂಗಾಡಿ ಕೂಗಾಡಿ ನಿವೃತ್ತಳಾದವಳು. ಹಾಗಾಗಿ ನನ್ನ ಗಂಟಲು ದೊಡ್ಡದು, ತಾಳ್ಮೆ ಸಣ್ಣದು. ನನ್ನ ಅಕ್ಕ ಶಾಂತಾ ಮದುವೆಯಾದಾಗಿನಿಂದ ನಾಗಪುರದ ಕಡೆ ಇದ್ದಾಳೆ. ಭಾವ ರೈಲ್ವೆಯವರು. ಸಾವನೇರ್ ಕಡೆಯ ನ್ಯಾರೋಗೇಜ್ ಎಂಬ ಕಿರಿದಾದ ಹಳಿಯ ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ಮಾಸ್ತರಿಕೆ ಮಾಡಿ, ಕೊನೆಗೆ ನಾಗಪುರದಲ್ಲೇ ಮನೆ ಮಾಡಿಕೊಂಡು ಉಳಿದರು. ಈಗ ಇಬ್ಬರಿಗೂ ವಯಸ್ಸಾಯಿತು, ಮಕ್ಕಳಿಲ್ಲ. ಆ ಮನೆ ಬಿಟ್ಟುಕೊಟ್ಟು ಧಾರವಾಡಕ್ಕೆ ನಮ್ಮ ಪಕ್ಕದ ಮನೆಗೆ ಬಂದುಬಿಡುವುದೆಂದು ತೀರ್ಮಾನವಾಗಿತ್ತು. ಸಾಮಾನು ಕಟ್ಟಿಸಲು ನಾನು ಹೊರಟೆ.

ನಾಗಪುರವೆಂದರೆ ಬೆಂಕಿ ಬಿಸಿಲು ಎಂದು ಕೇಳಿ ತೆಳ್ಳನೆಯ ಸೀರೆಗಳನ್ನೇ ತುಂಬಿಕೊಂಡು ಹೋಗಿದ್ದೆ. ಇಳಿದರೆ ಡಿಸೆಂಬರಿನ ಚಳಿ, ಮೇಲೆ ಮುಸುಕಿದ ಮೋಡ. ಸುತ್ತಲಿನವರೆಲ್ಲ ಕಿವಿ ಮುಚ್ಚುವಂತೆ ಮಫ್ಲರು ಸುತ್ತಿಕೊಂಡಿದ್ದರು. ನಾನೊಬ್ಬಳೇ ಗಡಗಡ ನಡುಗುತ್ತ ನಿಂತಿದ್ದೆ. ಕರೆದೊಯ್ಯಲು ಅಕ್ಕ ಒಬ್ಬಳೇ ಬಂದಿದ್ದಳು.

“ಭಾವ ಎಲ್ಲಿ? ಜೀವಮಾನ ಎಲ್ಲಾ ಮಂದಿ ಗಾಡಿ ಕಾದವರಿಗೆ ನಾದಿನಿ ಗಾಡಿ ಕಾಯಾಕ ಆಗಲಿಲ್ಲೇನು?” ಎಂದೆ.

“ಅಂಗಳಾ ಅಗ್ಯಾಕ ಹೋಗ್ಯಾರವಾ.”

“ಯಾರ ಅಂಗಳಾ?”

“ಯಾರದರೆ. ಬಾ, ಜಲ್ದಿ ನಡಿ, ಆಟೋದಂವ ಒದರಾಕ ಹತ್ಯಾನ.”

ದಾರಿಯಲ್ಲಿ ಹಸಿವೆಂದೆ. ಅಕ್ಕ ಒಂದು ಅಂಗಡಿಯ ಮುಂದೆ ಆಟೋ ನಿಲ್ಲಿಸಿದಳು. ಅಲ್ಲಿ ಸಾಂಬಾರ್ ವಡಿ ಎಂದು ಕೂಗುತ್ತಿದ್ದರು. ಆಹಾ, ನಮ್ಮ ಕಡೆಯ ವಡೆ ಸಾಂಬಾರು ಎಂದು ಹಿಗ್ಗಿ ಹೇಳಿದೆ. ಬಂದದ್ದು ಕೊತ್ತಂಬರಿ ಸೊಪ್ಪು ಸುತ್ತಿ ಕರಿದ ಸುರುಳಿ. ಆ ಊರಿನಲ್ಲಿ ಕೊತ್ತಂಬರಿಗೇ ಸಾಂಬಾರ್ ಎನ್ನುತ್ತಾರಂತೆ. ಜೊತೆಗೆ ಕೊಟ್ಟ ಖಾರದ ರಸ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಅಕ್ಕ ನಗಲಿಲ್ಲ. ಚಿಕ್ಕವಳಿದ್ದಾಗ ನಾನು ಎಡವಿ ಬಿದ್ದರೂ ಬಿದ್ದು ಬಿದ್ದು ನಗುತ್ತಿದ್ದವಳು ಅವಳು. ಸಿವಿಲ್ ಲೈನ್ಸಿನ ಅಗಲ ರಸ್ತೆಗಳು, ದೊಡ್ಡ ಮರಗಳು, ಸರಕಾರಿ ಬಂಗಲೆಗಳ ಗೇಟುಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಅವಳು ಹೊರಗೆ ನೋಡುತ್ತ ಕುಳಿತಿದ್ದಳು.

ಅಕ್ಕನ ಮನೆ

ಸಾಮಾನು ಅರ್ಧ ಕಟ್ಟಿರಬಹುದು ಎಂದುಕೊಂಡಿದ್ದೆ. ಒಂದು ಚಮಚವನ್ನೂ ಕಟ್ಟಿರಲಿಲ್ಲ. ಬದಲಿಗೆ ಮನೆ ತುಂಬ ತುಕ್ಕು. ಕಿಟಕಿಯ ಮೇಲೆ ತುಕ್ಕು, ಟಿವಿ ಕೆಳಗೆ ತುಕ್ಕು, ದೇವರ ಮನೆಯ ಬಾಗಿಲಲ್ಲೂ ಬಕೀಟಿನ ತುಂಬ ಮಣ್ಣು ಮೆತ್ತಿದ ಕಬ್ಬಿಣ.

“ಏನಿದು, ಗುಜರಿ ಅಂಗಡಿ ಇಟ್ಟೀರೇನು?” ಎಂದು ಕೇಳುವಷ್ಟರಲ್ಲಿ ಭಾವ ಬಂದರು. ಮಂಗನ ಟೋಪಿ, ಮೊಣಕಾಲಿಗೆ ಮಣ್ಣು, ಕೈಯಲ್ಲಿ ಒಂದು ಯಂತ್ರ. ರೊಟ್ಟಿ ಹಂಚಿಗೆ ಉದ್ದ ಹಿಡಿಕೆ ಹಾಕಿದ ಹಾಗಿತ್ತು. ಮೆಟಲ್ ಡಿಟೆಕ್ಟರಂತೆ. ನೆಲದ ಮೇಲೆ ಆಡಿಸಿದರೆ ಒಳಗೆ ಲೋಹವಿದ್ದಲ್ಲಿ ಕೀಂ ಎನ್ನುತ್ತದೆ. ಎರಡು ವರ್ಷದಿಂದ ಅದನ್ನು ಹಿಡಿದುಕೊಂಡು, ಹಳೆಯ ನ್ಯಾರೋಗೇಜ್ ಹಳಿ ಹಾದುಹೋಗಿದ್ದ ಕಡೆ ಈಗ ಮನೆ ಕಟ್ಟಿಕೊಂಡವರ ಬಾಗಿಲು ಬಾಗಿಲಿಗೆ ಹೋಗಿ, ಅಂಗಳ ಅಗೆಯಲು ಪರವಾನಗಿ ಕೇಳುತ್ತಿದ್ದಾರೆ ಎಂದು ಅಕ್ಕ ಹೇಳಿದಳು.

ಭಾವ ಚೀಲದಿಂದ ತೆಗೆದು ತೆಗೆದು ತೋರಿಸಿದರು. ಕೂಲಿಯವನ ತೋಳಿನ ಹಿತ್ತಾಳೆ ಬಿಲ್ಲೆ, ನಂಬರಿನ ಸಮೇತ. ಗಾರ್ಡಿನ ಕೋಟಿನ ಗುಂಡಿ. ಕೈದೀಪದ ಬತ್ತಿಯ ಮೂತಿ. ಹಳಿ ಬದಲಿಸುವ ಕಡೆ ಹಾಕುತ್ತಿದ್ದ ದಪ್ಪ ಬೀಗ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದನ್ನೂ ತಿಕ್ಕಿ ಸ್ನಾನ ಮಾಡಿಸಿದರು.

“ನೋಡವಾ ಸುಮಿತ್ರಾ, ಇದು ರೈಲ್ವೆ ಅಂದ್ರ. ನೆಲದಾಗ ಹುಗದ್ರೂ ಉಳೀತೈತಿ. ನಿಮ್ಮ ಬಸ್ ಸ್ಟ್ಯಾಂಡ್ ಅಗದ್ರ ಏನು ಸಿಗಬೇಕು? ಎಲಿ ಅಡಕಿ ಉಗುಳು.”

“ಉಗುಳಾದ್ರೂ ಊರಿಗೆ ಮುಟ್ಟಿಸೇ ಉಗುಳ್ತಾರ ನಮ್ಮವರು. ನಿಮ್ಮ ಗಾಡಿ ಇವತ್ತು ಸಹಿತ ಸಿಗ್ನಲ್ಲಿನಾಗ ನಿಂತು ನಿಂತು ಬಂತು,” ಎಂದೆ. ಅಲ್ಲಿಯವರೆಗೆ ನಮ್ಮ ಬಸ್ಸು-ರೈಲಿನ ಹಳೆಯ ಜಗಳ ಸರಿಯಾಗಿಯೇ ನಡೆಯಿತು.

ಚೀಲದ ತಳದಲ್ಲಿ ಒಂದು ಹಳಿಮೊಳೆ ಉಳಿದಿತ್ತು. ಮರದ ದಿಮ್ಮಿಗೆ ಹಳಿಯನ್ನು ಹಿಡಿದಿಡುವ, ತಲೆ ಒಂದು ಕಡೆ ವಾಲಿದ ದಪ್ಪ ಮೊಳೆ. ಅದನ್ನು ಮಾತ್ರ ಅವರು ಅಂಗೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿದರು. ಮುಖ ಸಣ್ಣದಾಯಿತು. “ಇದೂ ಅಲ್ಲ,” ಎಂದು ಬಕೀಟಿಗೆ ಹಾಕಿದರು. ಆ ಬಕೀಟು ಬರೀ ಹಳಿಮೊಳೆಗಳದೇ ಆಗಿತ್ತು. ಅಕ್ಕ ಎದ್ದು ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಕಳಮನಾ

ಪಾತ್ರೆ ತುಂಬಲು ಕಿತ್ತಳೆ ಹಣ್ಣಿನ ಮರದ ಪೆಟ್ಟಿಗೆ, ಒಡೆಯದಂತೆ ಇಡಲು ಭತ್ತದ ಹುಲ್ಲು ಬೇಕಿತ್ತು. ಅದಕ್ಕೆ ಮರುದಿನ ಬೆಳಿಗ್ಗೆ ಭಾವ ನನ್ನನ್ನು ಕಳಮನಾ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ನಮ್ಮ ಹುಬ್ಬಳ್ಳಿಯ ಎಪಿಎಂಸಿಯಂತೆಯೇ, ಆದರೆ ಮೆಣಸಿನಕಾಯಿ ಘಾಟಿನ ಬದಲು ಕಿತ್ತಳೆ ಸಿಪ್ಪೆಯ ವಾಸನೆ. ಲಾರಿಗಳಿಂದ ನೆಲಕ್ಕೆ ಸುರಿದ ಹಣ್ಣಿನ ಗುಡ್ಡೆಗಳು. ಹಮಾಲರು ಹಣ್ಣು ತುಳಿಯದಂತೆ ಪಾದ ಓರೆ ಮಾಡಿಕೊಂಡು ಅವುಗಳ ನಡುವೆಯೇ ಓಡಾಡುತ್ತಿದ್ದರು. ಕೊಳೆತದ್ದನ್ನು ಒಂದು ಮೂಲೆಗೆ ಎಸೆಯುತ್ತಿದ್ದರು, ಅಲ್ಲಿ ದನಗಳು ನಿಂತಿದ್ದವು.

ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ನಾನು ಬೈಯಲು ಶುರು ಮಾಡಿದೆ. “ಭಾವಾ, ಮನಿ ಬಿಟ್ಟು ಕೊಡೂ ದಿವಸ ಹತ್ರ ಬಂತು. ನೀವು ನೋಡಿದ್ರ ಮಂದಿ ಅಂಗಳಾ ಕೆದರಕೋತ ಕುಂತೀರಿ. ಅಕ್ಕ ಒಬ್ಬಾಕಿ ಏನೇನು ಮಾಡಬೇಕ್ರಿ? ಈ ಚಟಾ ಸಾಕು ಮಾಡ್ರಿ ಇನ್ನ.”

ಅವರು ಲೋಟವನ್ನು ಬೆಂಚಿನ ಮೇಲಿಟ್ಟರು. ಚಹಾ ಆರಿ ಕೆನೆ ಕಟ್ಟಿತು.

“ಚಟಾ ಅಲ್ಲವಾ,” ಎಂದರು. “ನಮ್ಮ ಕೂಸಿನ ಜಾಗಾ ಹುಡುಕಾಕ ಹತ್ತೀನಿ.”

ನನಗೆ ಆ ಕೂಸಿನ ಸಂಗತಿ ಗೊತ್ತಿದ್ದದ್ದು ಇಷ್ಟೇ. ನಾನು ಶಾಲೆಗೆ ಹೋಗುತ್ತಿದ್ದಾಗ ಅಕ್ಕನ ಬಾಣಂತನಕ್ಕೆಂದು ಅವ್ವ ನಾಗಪುರದ ಕಡೆ ಹೋದಳು. ದಿನ ತುಂಬುವ ಮೊದಲೇ ಹೆರಿಗೆಯಾಯಿತೆಂದು ಸುದ್ದಿ ಬಂತು. ತೊಟ್ಟಿಲಿಗೆಂದು ನಾನು ಹೆಣೆದಿದ್ದ ಉಣ್ಣೆಯ ಗಿಳಿಗಳನ್ನು ಅವ್ವ ಹಾಗೇ ವಾಪಸು ತಂದು ನನ್ನ ಕೈಗಿಟ್ಟಳು. “ಕೂಸು ಉಳೀಲಿಲ್ಲ, ಇನ್ನ ಅದರ ಮಾತು ಎತ್ತಬ್ಯಾಡ” ಎಂದಳು. ಆಮೇಲೆ ಯಾರೂ ಎತ್ತಲಿಲ್ಲ. ಅಕ್ಕನಿಗೆ ಮುಂದೆ ಮಕ್ಕಳೂ ಆಗಲಿಲ್ಲ.

ಉಳಿದದ್ದನ್ನು ಭಾವ ಕಳಮನಾದ ಆ ಗದ್ದಲದಲ್ಲಿ ಹೇಳಿದರು. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಹಸುಗೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಆಗ ತಾವಿದ್ದ ಸಾವನೇರ್ ಕಡೆಯ ಸ್ಟೇಷನ್ ಕ್ವಾರ್ಟರ್ಸಿನ ಹಿಂದೆ, ತಂತಿ ಬೇಲಿಯ ಆಚೆ, ಬೇವಿನ ಮರದ ಹತ್ತಿರ ತಾವೇ ಅಗೆದು ಇಟ್ಟು ಬಂದರು. ಜಾಗ ಎಲ್ಲಿ ಎಂದು ಅಕ್ಕನಿಗೆ ಹೇಳಲಿಲ್ಲ.

“ತಾಯಿಗೆ ಜಾಗಾ ತೋರಿಸಬಾರದು ಅಂದ್ರು ನಿಮ್ಮ ಅವ್ವ. ತೋರಿಸಿದ್ರ ಆಕಿ ಕಾಲು ದಿನಾ ಅಲ್ಲಿಗೇ ಎಳೀತಾವಂತ, ಮುಂದ ಬಸಿರು ನಿಲ್ಲೂದಿಲ್ಲಂತ. ನಾ ಆಣಿ ಮಾಡಿದೆ. ಶಾಂತಾನೂ ಒಮ್ಮೆನೂ ಕೇಳಲಿಲ್ಲ. ಈಗ ಊರ ಬಿಟ್ಟು ಹೊಂಟೇವಿ. ಅಷ್ಟು ದೂರ ಹೋಗೂ ಮೊದಲ ಆಕಿಗೆ ಒಂದ ಸಲ ಆ ಜಾಗಾ ತೋರಸಬೇಕವಾ. ತೋರಿಸದ ನಾ ಹ್ಯಾಂಗ ಗಾಡಿ ಹತ್ತಲಿ?”

“ಗುರುತು ಏನೈತ್ರಿ?”

“ಗುರುತು ಇಟ್ಟೀನಿ. ನರಿ ಕೆದರಬಾರದಂತ, ಗಾಳಿ ಸೋಂಕಬಾರದಂತ ಕಬ್ಬಿಣಾ ಇಡತಾರಲ್ಲ? ಮ್ಯಾಲೊಂದು ಫಿಶ್‌ಪ್ಲೇಟ್ ಇಟ್ಟು ನಾಲ್ಕೂ ಮೂಲಿಗೆ ನಾಲ್ಕು ಹಳಿಮೊಳಿ ಬಡದೀನಿ.”

ಫಿಶ್‌ಪ್ಲೇಟ್ ಎಂದರೆ ಎರಡು ಹಳಿಗಳನ್ನು ಕೂಡಿಸುವ ಕಬ್ಬಿಣದ ಪಟ್ಟಿ. ಈಗ ಆ ಕ್ವಾರ್ಟರ್ಸ್ ಇಲ್ಲ, ಮರ ಇಲ್ಲ. ಬೇಲಿಯಾಚೆಯ ಹೊಲ ಪ್ಲಾಟುಗಳಾಗಿ ಮನೆಗಳೆದ್ದಿವೆ. ಅದಕ್ಕೇ ಅಂಗಳ ಅಂಗಳ ತಿರುಗುತ್ತಿದ್ದಾರೆ. ಪೆಟ್ಟಿಗೆಗಳನ್ನು ಆಟೋಕ್ಕೆ ಕಟ್ಟಿಕೊಂಡು ಮನೆಗೆ ಬಂದೆವು.

ಸಾವನೇರ್ ಗಾಡಿ

ಅದರ ಮರುದಿನ ಮೂವರೂ ಸಾವನೇರ್ ಕಡೆಯ ಗಾಡಿ ಹಿಡಿದೆವು. ಅಕ್ಕನಿಗೆ ಇದ್ಯಾವುದೂ ಗೊತ್ತಿಲ್ಲವೆಂದು ಭಾವ ನನಗೆ ಹೇಳಿದ್ದರು. ಬುತ್ತಿ ಹೊತ್ತುಕೊಂಡು ಸುಮ್ಮನೆ ಜೊತೆಗೆ ಬರುತ್ತಾಳೆ, ಹಳೆಯ ರೈಲ್ವೆ ಸಾಮಾನು ಕೂಡಿಸುವ ಹುಚ್ಚು ಎಂದುಕೊಂಡಿದ್ದಾಳೆ ಎಂದು ಅವರ ನಂಬಿಕೆ.

ಭಾವ ಯಂತ್ರದ ಸ್ವಿಚ್ಚು ಆರಿಸುವುದನ್ನು ಮರೆತಿದ್ದರು. ಡಬ್ಬಿಯೊಳಗೆ ಕಾಲಿಟ್ಟದ್ದೇ ತಡ, ಕೀಂ ಎಂದು ಕೂಗಲು ಹತ್ತಿತು. ರೈಲೆಂದರೆ ಮೇಲೆ ಕೆಳಗೆ ಕಬ್ಬಿಣವೇ ಅಲ್ಲವೇ. ಮಲಗಿದ್ದವರು ಎದ್ದು ಕೂತರು, ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಓಡಿದಳು. “ಬಾಂಬ್ ನಾಹೀ, ಬಾಂಬ್ ನಾಹೀ” ಎನ್ನುತ್ತ ಭಾವ ಗುಂಡಿ ಒತ್ತಿ ಒತ್ತಿ ಆರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆಮೇಲೆ ಅದೇ ಜನ ಜಾಗ ಮಾಡಿಕೊಟ್ಟು, ಶೇಂಗಾ ಹಂಚಿ, ಅದು ಏನು, ಚಿನ್ನ ಹುಡುಕುತ್ತದೆಯೇ ಎಂದು ಕೇಳಿದರು. ನಮ್ಮ ಕಡೆಯಾಗಿದ್ದರೆ ಮೊದಲು ಬೈದು ಆಮೇಲೆ ಕೇಳುತ್ತಿದ್ದರು. ಇಲ್ಲಿಯವರು ಬೈಯುವುದನ್ನು ಬಿಟ್ಟರು.

ಇಳಿಯುವ ಸ್ಟೇಷನ್ ಹತ್ತಿರ ಬಂತೆಂದು ಭಾವ ಎದ್ದು ಬಾಗಿಲಿಗೆ ಹೋದರು. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ. ಹೊಸ ದೊಡ್ಡ ಹಳಿಯ ಎತ್ತರದ ದಿಬ್ಬದ ಮೇಲೆ ಗಾಡಿ ನಿಧಾನವಾಯಿತು. ಆಗ ಅಕ್ಕ ಚಪ್ಪಲಿ ಬಿಟ್ಟು ಎರಡೂ ಕಾಲು ಸೀಟಿನ ಮೇಲೆ ಎತ್ತಿಕೊಂಡು, ಸೆರಗು ಹೊದ್ದು ಚಕ್ಕಳಮಕ್ಕಳ ಹಾಕಿ ಕುಳಿತಳು.

“ಏ, ಇಳಿಯೂ ಹೊತ್ತಿಗೆ ಕಾಲು ಮಡಿಚಿ ಕೂಡ್ತೀಯಲ್ಲ, ಏಳ,” ಎಂದು ಸಿಡುಕಿದೆ.

“ಆಕಿದು ಯಾವಾಗಲೂ ಹಿಂಗ. ಮಂಡಿನೋವು. ಈ ಥಂಡಿಯೊಳಗ ಜಾಸ್ತಿ,” ಎಂದರು ಭಾವ ಬಾಗಿಲಿನಿಂದ.

ಗಾಡಿ ನಿಂತ ಮೇಲೆ ಅವಳು ಕಾಲು ಇಳಿಸಿ, ಚಪ್ಪಲಿ ಮೆಟ್ಟಿಕೊಂಡು ಬುತ್ತಿಯ ಚೀಲ ತೆಗೆದುಕೊಂಡಳು.

ಮಂದಿಯ ಅಂಗಳಗಳು

ಆ ಬಡಾವಣೆಯಲ್ಲಿ ಕಾಂಪೌಂಡಿನ ಕಂಬಗಳೇ ಹಳೆಯ ಹಳಿಯ ತುಂಡುಗಳು. ಬಟ್ಟೆ ಒಣಹಾಕುವುದೂ ಹಳಿಗೆ, ಎಮ್ಮೆ ಕಟ್ಟುವುದೂ ಹಳಿಗೆ. ಅಲ್ಲಿನ ಜನರ ಒಂದು ರೂಢಿ ನನಗೆ ಹಿಡಿಸಿತು. ಬಂದವರು ಯಾರು, ಯಾಕೆ ಬಂದರು ಎಂದು ಕೇಳುವ ಮೊದಲು ನೀರು ಕೊಡುತ್ತಾರೆ. ನೀರು ಕುಡಿದು ಲೋಟ ಕೆಳಗಿಟ್ಟ ಮೇಲೆಯೇ “ಬೋಲಾ”, ಹೇಳಿ, ಎನ್ನುತ್ತಾರೆ.

ಮೊದಲ ಮನೆಯ ಯಜಮಾನ ನೀರೇನೋ ಕೊಟ್ಟ. ಯಂತ್ರ ನೋಡಿದ ಕೂಡಲೇ ಅವನಿಗೆ ಇದು ನಿಧಿಯ ಕೆಲಸವೆಂದು ಖಾತ್ರಿಯಾಯಿತು. ಒಳಗಿನಿಂದ ತೆಂಗಿನಕಾಯಿ, ನಿಂಬೆಹಣ್ಣು ತಂದು ಅಂಗಳದಲ್ಲಿ ಇಟ್ಟು, ಸಿಕ್ಕಿದ್ದರಲ್ಲಿ ಅರ್ಧ ತನ್ನದು ಎಂದು ಮೂರು ಸಲ ಹೇಳಿದ. ಅಕ್ಕಪಕ್ಕದವರು ಕಾಂಪೌಂಡಿನ ಮೇಲೆ ಸಾಲಾಗಿ ಬಾಗಿ ನಿಂತರು. ಭಾವ ಮೊಣಕಾಲೂರಿ ಅಗೆದರು. ಬಂದದ್ದು ಒಂದು ಹಳಿಮೊಳೆ. ಇನ್ನೊಂದು ಕಡೆ ಕೀಂ ಎಂದಿತು, ಮತ್ತೊಂದು ಹಳಿಮೊಳೆ. ಮೂರನೆಯ ಕಡೆ ಸೈಕಲ್ಲಿನ ಚೈನು. ಯಜಮಾನ ತೆಂಗಿನಕಾಯಿಯನ್ನು ಒಡೆಯದೆ ವಾಪಸು ಒಳಗಿಟ್ಟುಕೊಂಡ.

ಅಂದು, ಮರುದಿನ, ಅದರ ಮರುದಿನವೂ ಇದೇ ಪಾಡು. ಹಿತ್ತಾಳೆಯ ಸೀಟಿಯೊಂದು ಸಿಕ್ಕಿತು, ಸ್ಟೇಷನ್ ಗಂಟೆಯ ನಾಲಿಗೆ ಸಿಕ್ಕಿತು. ಬೇರೆ ದಿನವಾಗಿದ್ದರೆ ಭಾವ ಕುಣಿಯುತ್ತಿದ್ದರಂತೆ. ಈಗ ನೋಡದೆ ಚೀಲಕ್ಕೆ ಹಾಕುತ್ತಿದ್ದರು. ಮೊಳೆ ಸಿಕ್ಕಿದಾಗ ಮಾತ್ರ ಮತ್ತೆ ಮೊಣಕಾಲೂರುತ್ತಿದ್ದರು. ಸುತ್ತ ಇನ್ನೂ ಮೂರು ಇವೆಯೇ ಎಂದು ಯಂತ್ರ ಆಡಿಸುತ್ತಿದ್ದರು. ಇರುತ್ತಿರಲಿಲ್ಲ. “ಇದೂ ಅಲ್ಲ,” ಎನ್ನುತ್ತಿದ್ದರು. ಹಳಿ ದುರಸ್ತಿ ಮಾಡುವ ಗ್ಯಾಂಗಿನವರು ಹಳೆಯ ಮೊಳೆಗಳನ್ನೆಲ್ಲ ಬೇಲಿಯಾಚೆ ಬಿಸಾಡಿ ಬಿಸಾಡಿ ಆ ಹೊಲಕ್ಕೆ ಹೊಲವೇ ಕಬ್ಬಿಣವಾಗಿತ್ತು.

ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. “ಭಾವಾ, ಒಂದು ಕಲ್ಲು ನಿಲ್ಲಿಸಬಾರದಿತ್ತೇನ್ರಿ? ಒಂದು ಗಿಡಾ ಹಚ್ಚಬಾರದಿತ್ತಾ? ಎಲ್ಲಿ ನೋಡಿದಲ್ಲಿ ಹಳಿಮೊಳಿ ಬಿದ್ದ ಊರಾಗ ಹಳಿಮೊಳಿನೇ ಗುರುತು ಇಟ್ಟೀರಲ್ಲಾ!” ಎಂದು ಒದರಿಬಿಟ್ಟೆ. ಪುಣ್ಯಕ್ಕೆ ಅಕ್ಕ ಒಳಗೆ ಆ ಮನೆಯ ಹೆಂಗಸರ ಜೊತೆ ಇದ್ದಳು.

ಭಾವ ಮಣ್ಣಿನ ಮೇಲೆಯೇ ಕುಳಿತುಬಿಟ್ಟರು. “ನನ್ನ ಕಡೆ ಮತ್ತೇನಿತ್ತು ಸುಮಿತ್ರಾ? ಇಪ್ಪತ್ತೈದು ವರ್ಷದ ಹುಡುಗ ಇದ್ನಿ. ಕೈಗೆ ಅದ ಸಿಕ್ತು. ಹಳಿ ಹಿಡಿಯೂ ಮೊಳಿ ಕೂಸಿನ ಜಾಗಾನೂ ಗಟ್ಟಿ ಹಿಡಿದೀತು ಅನಿಸ್ತು. ರೈಲ್ವೆ ಮಾಲು ಯಾವತ್ತೂ ಜಾಗಾ ಬಿಟ್ಟು ಸರಿಯೂದಿಲ್ಲ ಅಂತ ತಿಳದಿದ್ನಿ.”

ಆ ಮುದುಕ ಗಂಡಸು ಬೇರೆಯವರ ಅಂಗಳದಲ್ಲಿ ಕುಳಿತು ಮಂಗನ ಟೋಪಿಯಿಂದ ಕಣ್ಣೊರೆಸಿಕೊಂಡರು. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎಂದುಕೊಂಡೆ. ಎಬ್ಬಿಸಿ ಮಣ್ಣು ಜಾಡಿಸಿದೆ.

ಸುನಂದಾತಾಯಿಯ ಅಂಗಳ

ಕೊನೆಯ ದಿನ. ಲಾರಿ ಗೊತ್ತು ಮಾಡಿಯಾಗಿತ್ತು, ಅದರ ಮರುದಿನ ಸಾಮಾನು ಹೊರಡಬೇಕು. ಬೇಲಿಗೆ ಹತ್ತಿದ ಕೊನೆಯ ಮನೆ ಸುನಂದಾತಾಯಿ ಎಂಬ ವಿಧವೆಯದು. ಮೋಡ ಕವಿದು ಮಧ್ಯಾಹ್ನವೇ ಸಂಜೆಯ ಹಾಗಿತ್ತು. ಆಕೆ ನೀರು ಕೊಟ್ಟಳು, ಅವಲಕ್ಕಿಯ ಪೋಹೆ ಕೊಟ್ಟಳು, “ಖಣಾ ನಾ, ಕಾಯ ಜಾತೆ ಮಾಝ?” ಎಂದಳು. ಅಗೆಯಿರಿ, ನನ್ನದೇನು ಹೋಗುತ್ತದೆ ಎಂದು.

ಬೇಲಿಯ ಹತ್ತಿರ, ನುಗ್ಗೆ ಗಿಡದ ಕೆಳಗೆ ಯಂತ್ರ ಕೀಂ ಎಂದಿತು. ಭಾವ ಕೈಯಿಂದಲೇ ಮಣ್ಣು ಬಳಿದರು. ಒಂದು ಮೊಳೆ. ಯಂತ್ರ ಆಡಿಸಿದರೆ ಗೇಣು ದೂರದಲ್ಲಿ ಇನ್ನೊಂದು. ಅವುಗಳ ಮಧ್ಯೆ ತುಕ್ಕು ತಿಂದು ಸಣ್ಣದಾದ ಒಂದು ಕಬ್ಬಿಣದ ಪಟ್ಟಿ.

“ಶಾಂತಾ!” ಎಂದು ಕೂಗಿದರು. ಆ ಧ್ವನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. “ಶಾಂತಾ, ಬಾ ಇಲ್ಲೆ. ಸಿಕ್ತು. ನಮ್ಮ ಕೂಸಿನ ಜಾಗಾ ಸಿಕ್ತು.”

ನಾನು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಮೊಳೆಗಳು ಎರಡೇ. ಪಟ್ಟಿಯ ಕೆಳಗೆ ಮಣ್ಣಿನಲ್ಲಿ ಗೊಬ್ಬರದ ಪ್ಲಾಸ್ಟಿಕ್ ಚೀಲದ ನೀಲಿ ಚೂರೊಂದು ಸಿಕ್ಕಿಕೊಂಡಿತ್ತು. ಆ ಕಾಲದಲ್ಲಿ ಹೂತದ್ದರ ಕೆಳಗೆ ಅದು ಎಲ್ಲಿಂದ ಬರಬೇಕು? ಮೊನ್ನೆ ಮೊನ್ನೆ ಯಾರೋ ಕಸದ ಜೊತೆ ಹುಗಿದದ್ದು. ಭಾವನಿಗೆ ಅದು ಕಾಣಲಿಲ್ಲ. ಕಣ್ಣುಗಳು ತುಂಬಿದ್ದವು.

ಅಕ್ಕ ನಿಧಾನವಾಗಿ ಬಂದಳು. ಭಾವ ಅವಳ ಕೈ ಹಿಡಿದು, ಅವ್ವನಿಗೆ ಮಾಡಿದ ಆಣೆ, ಬೇವಿನ ಮರ, ನಾಲ್ಕು ಮೊಳೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಇಷ್ಟು ವರ್ಷ ಹೇಳಲಿಲ್ಲ, ತಪ್ಪಾಯಿತು ಎಂದರು. ಅಕ್ಕ ಆ ಎರಡು ಮೊಳೆಗಳನ್ನು ನೋಡಿದಳು. ನೀಲಿ ಚೂರನ್ನೂ ನೋಡಿದಳು.

“ಹೌದ್ರಿ,” ಎಂದಳು. “ಇದ ಜಾಗಾ.”

ಸುನಂದಾತಾಯಿ ಎಲ್ಲ ಅರ್ಥವಾದವಳಂತೆ ಒಳಗೆ ಹೋಗಿ ಒಂದು ಲೋಟ ಹಾಲು, ಅರಿಶಿನ ಕುಂಕುಮ ತಂದುಕೊಟ್ಟಳು. ಅಕ್ಕ ಕುಳಿತು ಹಾಲೆರೆದಳು, ಅರಿಶಿನ ಹಚ್ಚಿದಳು, ಮಣ್ಣು ಮುಚ್ಚಿ ಅಂಗೈಯಿಂದ ತಟ್ಟಿ ಸಮ ಮಾಡಿದಳು. ನೀಲಿ ಚೂರು ಅದರೊಳಗೇ ಹೋಯಿತು. ಭಾವ ಗೋಡೆ ಹಿಡಿದುಕೊಂಡು ಸಣ್ಣ ಹುಡುಗನ ಹಾಗೆ ಅತ್ತರು. ಅಕ್ಕನ ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ.

ಪ್ಲಾಟ್‌ಫಾರ್ಮಿನ ಬೆಂಚು

ನಾಗಪುರದ ಗಾಡಿಗೆ ಇನ್ನೂ ಹೊತ್ತಿತ್ತು. ಭಾವ ಚಹಾ ತರುತ್ತೇನೆಂದು ಹೋದರು. ನಡಿಗೆ ಹಗುರಾಗಿತ್ತು. ಯಂತ್ರವನ್ನು ಬಿಚ್ಚಿ ಚೀಲಕ್ಕೆ ಹಾಕಿ, ಇನ್ನು ಇದು ಬೇಡ, ಯಾರಿಗಾದರೂ ಕೊಟ್ಟುಬಿಡೋಣ ಎಂದಿದ್ದರು.

ಬೆಂಚಿನ ಮೇಲೆ ನಾವಿಬ್ಬರೇ. ನಾನು ಮೆತ್ತಗೆ, “ಅಕ್ಕಾ, ಅದು...” ಎಂದೆ.

“ಅಲ್ಲ. ಗೊತ್ತೈತಿ,” ಎಂದಳು.

ಬುತ್ತಿಯ ಚೀಲ ಮಗ್ಗುಲಿಗೆ ಸರಿಸಿ ತಾನೇ ಹೇಳಿದಳು. “ಅವತ್ತು ಅವ್ವ ನನ್ನನ್ನ ಕ್ವಾರ್ಟರ್ಸ್ ಒಳಗ ಮಲಗಿಸಿ ಕಿಟಕಿ ಹಾಕಿದ್ಲು. ಆ ಕಿಟಕಿಗೆ ಒಂದು ಸೀಳಿತ್ತು. ಇವರು ಗುದ್ದಲಿ ತಗೊಂಡು ಎಲ್ಲಿಗೆ ಹೋದ್ರು, ಎಲ್ಲಿ ಕುಂತ್ರು, ಎಲ್ಲಾ ಕಂಡೀನಿ. ಬೇವಿನ ಸೊಪ್ಪು ತರ್ತೀನಿ ಅಂತ ಹೋಗಿ ಪ್ರತಿ ಪಂಚಮಿಗೂ ಹಾಲೆರದೀನಿ. ಇವರು ಡ್ಯೂಟಿ ಮ್ಯಾಲಿರತಿದ್ರು, ಗೊತ್ತಾಗಲಿಲ್ಲ. ನಾಗಪುರಕ್ಕೆ ಮನಿ ಮಾಡಿದ ಮ್ಯಾಲೂ ಬರತಿದ್ನಿ, ಬಾಜೂ ಮನಿಯಾಕಿನ ಕರಕೊಂಡು, ಗುಡಿಗೆ ಹೋಗ್ತೀನಿ ಅಂತ ಸುಳ್ಳು ಹೇಳಿ.”

“ಮತ್ತ ಈಗ?”

ಅಕ್ಕ ಪ್ಲಾಟ್‌ಫಾರ್ಮಿನ ತುದಿಯಾಚೆ, ಹೊಸ ಹಳಿಯ ದಿಬ್ಬದ ಕಡೆ ಗದ್ದ ಎತ್ತಿ ತೋರಿಸಿದಳು. “ನ್ಯಾರೋಗೇಜ್ ಕಿತ್ತು ದೊಡ್ಡ ಹಳಿ ಹಾಕೂ ಮುಂದ ಅಲ್ಲೊಂದು ತಿರುವಿತ್ತಲ್ಲ, ಅದನ್ನ ನೆಟ್ಟಗ ಮಾಡಿದ್ರು. ಬೇವಿನ ಗಿಡಾ ಕಡದ್ರು, ಬೇಲಿ ಆಚೆ ಸರಿಸಿದ್ರು. ಆ ವರ್ಷ ನಾ ಹಾಲು ತಗೊಂಡು ಬಂದಾಗ ಮಿಷನ್ ನಿಂತಿತ್ತು. ನಮ್ಮ ಕೂಸಿನ ಜಾಗಾದ ಮ್ಯಾಲೆ ಲಾರಿಗಟ್ಟಲೆ ಮಣ್ಣು ಸುರದಿದ್ರು. ಇವರು ಹೊಸಾ ಬೇಲಿ ನೋಡಿ ಹಳೇ ಬೇಲಿ ಅಂತ ಅಳೀತಾರ. ಬೇಲಿ ಹೊರಗ ಎಷ್ಟು ಅಗದ್ರೇನು, ಅದು ಬೇಲಿ ಒಳಗ ಐತಿ. ಹಳಿ ಕೆಳಗ.”

ನಾನು ಅವಳ ತೋಳು ಹಿಡಿದೆ. “ಭಾವನಿಗೆ ಹೇಳಬಾರದಿತ್ತೇನು? ಎರಡು ವರ್ಷ ಮಂದಿ ಅಂಗಳಾ ಅಗದ್ರಲ್ಲ!”

“ಹ್ಯಾಂಗ ಹೇಳಲೇ, ಹುಚ್ಚಿ? ಜೀವಮಾನ ಎಲ್ಲಾ ಹಸಿರು ನಿಶಾನಿ ತೋರಿಸಿ ಗಾಡಿ ಬಿಟ್ಟ ಮನುಷ್ಯಾ. ದಿನಾ ಎಷ್ಟು ಗಾಡಿ ತನ್ನ ಮಗಳ ಮ್ಯಾಲೆ ಹಾದು ಹೊಂಟಾವು ಅಂತ ಗೊತ್ತಾದ್ರ ಉಳಿದಾರೇನು? ಅಗೀಲಿ ಅಂತ ಬಿಟ್ಟೆ. ಅಗದು ಅಗದು ಒಂದಿನ ಏನೋ ಒಂದು ಸಿಕ್ಕೀತು, ಅದ ಅಂದ್ರಾತು ಅಂತ ಕಾದೆ. ಇವತ್ತು ಸಿಕ್ತು. ಇನ್ನ ಧಾರವಾಡಕ್ಕ ಬರ್ತಾರ, ನೆಮ್ಮದಿಲೇ ಇರತಾರ. ನೀ ನಿನ್ನ ದೊಡ್ಡ ಬಾಯಿ ಮುಚ್ಚಿಕೊಂಡಿರು, ಅಷ್ಟ.”

ಭಾವ ಕಾಗದದ ಲೋಟಗಳನ್ನು ಬೆರಳ ಸಂದಿಯಲ್ಲಿ ಹಿಡಿದುಕೊಂಡು ಬಂದರು. ಚಹಾಕ್ಕೆ ಶುಂಠಿ ಚಲೋ ಹಾಕ್ಯಾನ ಎಂದರು. ಅಕ್ಕ ಹೌದ್ರಿ ಎಂದಳು.

ವಾಪಸ್ ಗಾಡಿ

ಗಾಡಿಯಲ್ಲಿ ಜನ ಕಡಿಮೆಯಿತ್ತು. ಕಿಟಕಿಯ ಪಕ್ಕ ಅಕ್ಕ, ಅವಳ ಪಕ್ಕ ನಾನು, ಎದುರಿಗೆ ಭಾವ. ಯಂತ್ರದ ಚೀಲವನ್ನು ಎರಡು ಪಾದಗಳ ನಡುವೆ ನಿಲ್ಲಿಸಿಕೊಂಡಿದ್ದರು. ಮಣ್ಣು ಮೆತ್ತಿದ ಬೂಟುಗಳು ನೆಲಕ್ಕೆ ಊರಿದ್ದವು. ಧಾರವಾಡದ ಮನೆಯಲ್ಲಿ ಹಿತ್ತಲು ಇದೆಯೇ, ಕರಿಬೇವು ಹಚ್ಚಬಹುದೇ ಎಂದು ಕೇಳುತ್ತಿದ್ದರು. ಎಷ್ಟೋ ದಿನಗಳ ಮೇಲೆ ಅವರ ಬಾಯಲ್ಲಿ ಧಾರವಾಡದ ಮಾತು.

ಗಾಡಿ ಅಲುಗಿತು. ಪ್ಲಾಟ್‌ಫಾರ್ಮು ದಾಟಿತು. ಅಕ್ಕ ಸದ್ದಿಲ್ಲದೆ ಚಪ್ಪಲಿ ಬಿಟ್ಟು ಎರಡೂ ಕಾಲುಗಳನ್ನು ಸೀಟಿನ ಮೇಲೆ ಎತ್ತಿಕೊಂಡಳು. ಸೆರಗಿನಿಂದ ಪಾದ ಮುಚ್ಚಿಕೊಂಡಳು. ಬಾಯಿ ಏನೋ ಒಂದೆರಡು ಮಾತು ಆಡಿತು, ನನಗೆ ಕೇಳಿಸಲಿಲ್ಲ.

ನಮ್ಮ ಮನೆಗಳಲ್ಲಿ ಮಲಗಿದ ಮಗುವನ್ನು ದಾಟುವುದಿಲ್ಲ. ಅಪ್ಪಿತಪ್ಪಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಹೊಸ ಹಳಿ ಬಂದಾಗಿನಿಂದ ಅವಳು ಈ ಗಾಡಿಯಲ್ಲಿ ಹೀಗೇ ಹೋಗಿ ಬಂದಿದ್ದಾಳೆ. ನಾನು ಅವಳ ಮೇಲೆ ಸಿಡುಕಿದ್ದೆ.

ನಾನೂ ಚಪ್ಪಲಿ ಬಿಟ್ಟೆ. ನನ್ನ ದಪ್ಪ ಕಾಲುಗಳನ್ನು ಹೇಗೋ ಮಡಿಚಿ ಸೀಟಿನ ಮೇಲಿಟ್ಟುಕೊಂಡೆ. ಅಕ್ಕ ನನ್ನ ಕಡೆ ತಿರುಗಲಿಲ್ಲ. ಸೆರಗಿನೊಳಗಿಂದ ಕೈ ತಂದು ನನ್ನ ಮೊಣಕಾಲಿನ ಮೇಲೆ ಇಟ್ಟಳು.

ಎದುರಿಗೆ ಕುಳಿತ ಭಾವ ನಮ್ಮಿಬ್ಬರನ್ನೂ ನೋಡಿ ನಕ್ಕುಬಿಟ್ಟರು. ನಾನು ನಾಗಪುರಕ್ಕೆ ಹೋದ ಮೇಲೆ ಅವರು ಬಾಯಿ ತುಂಬ ನಕ್ಕಿದ್ದು ಅದೇ ಮೊದಲು.

“ಏನವಾ ಸುಮಿತ್ರಾ, ನಿನಗೂ ಮಂಡಿ ಹಿಡದಾವೇನು?”

“ಹೌದ್ರಿ ಭಾವಾ,” ಎಂದೆ. “ಥಂಡಿ ಭಾಳ ಐತಿ.”

ಅವರು ತಮ್ಮ ಬೂಟುಗಾಲು ಚಾಚಿ, ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಗಾಡಿ ದಿಬ್ಬದ ಮೇಲೆ ವೇಗ ಹಿಡಿಯಿತು.